ಮನೆಗೆ ಮನೆ ಅಂಟಿಸುವವರ ಊರಿನಲ್ಲಿ

ಹೊರಡುವ ಮುಂಚೆ, ಚಿಕ್ಕಬಳ್ಳಾಪುರ

ಹೋದ ವರ್ಷ ನನ್ನ ಮನೆಯ ಮಹಡಿಯ ಮೇಲೆ ಒಂದು ಕೋಣೆ ಕಟ್ಟಿಸಿದೆ. ನಂದಿ ಬೆಟ್ಟ ಕಾಣುವ ಕಿಟಕಿ, ಅಟ್ಯಾಚ್ಡ್ ಬಾತ್‌ರೂಮು, ವೆಸ್ಟರ್ನ್ ಕಮೋಡು. ಎಪ್ಪತ್ತೈದು ದಾಟಿದ ಒಂಟಿ ಹೆಂಗಸಿಗೆ ಮೇಲೊಂದು ಕೋಣೆ ಯಾಕೆ ಎಂದು ಬೀದಿಯವರಿಗೆಲ್ಲ ಕುತೂಹಲ. ಎದುರುಮನೆಯಾಕೆಯಂತೂ ಪೇಯಿಂಗ್ ಗೆಸ್ಟ್ ಇಟ್ಟುಕೊಳ್ಳುತ್ತೀರಾ ಮೇಡಂ, ನರ್ಸಿಂಗ್ ಓದುವ ಹುಡುಗಿಯರು ಬೇಕಾದಷ್ಟು ಸಿಗುತ್ತಾರೆ ಎಂದು ಗಿರಾಕಿಗಳನ್ನೇ ಹುಡುಕಲು ಹೊರಟಳು. ಇಲ್ಲ, ಹಾಲೆಂಡಿನಿಂದ ನನ್ನ ತಂಗಿ ಬರುತ್ತಾಳೆ, ಇನ್ನು ಇಲ್ಲೇ ಇರುತ್ತಾಳೆ ಎಂದೆ. ಸಮಸ್ಯೆ ಒಂದೇ. ತಂಗಿಯನ್ನು ಇನ್ನೂ ಕೇಳಿರಲಿಲ್ಲ. ಕೇಳುವುದಕ್ಕೆಂದೇ ಈ ಮೂರು ವಾರದ ಪ್ರವಾಸ.

ನನ್ನ ತಂಗಿ ಶಕುಂತಲಾ, ಮನೆಯಲ್ಲಿ ಶಕ್ಕು, ನನಗಿಂತ ಐದು ವರ್ಷ ಚಿಕ್ಕವಳು. ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ಹಿಪ್ಪುನೇರಳೆ ತೋಟ, ಮನೆ ತುಂಬ ರೇಷ್ಮೆ ಹುಳ. ನಾವಿಬ್ಬರೂ ಕಾನ್ವೆಂಟ್ ಹಾಸ್ಟೆಲಿನಲ್ಲಿ ಇಂಗ್ಲಿಷ್ ಕಲಿತೆವು. ನಾನು ಅದನ್ನೇ ಮೂವತ್ತೈದು ವರ್ಷ ಪಾಠ ಮಾಡಿ ರಿಟೈರ್ ಆದೆ. ಅವಳು ಅದೇ ಇಂಗ್ಲಿಷಿನಲ್ಲಿ, ರೇಷ್ಮೆ ಸಾಕಣೆಯ ಕೆಲಸಕ್ಕೆಂದು ನಮ್ಮ ಕಡೆ ಬಂದಿದ್ದ ಹೆಂಕ್ ಎಂಬ ಡಚ್ಚಿನವನನ್ನು ಪ್ರೀತಿಸಿ, ನಲವತ್ತನಾಲ್ಕು ವರ್ಷದ ಹಿಂದೆ ಮದುವೆಯಾಗಿ ಹೊರಟುಹೋದಳು. ಅಪ್ಪ ಇನ್ನು ಮನೆಗೆ ಕಾಲಿಡಬೇಡ ಎಂದರು. ಅಳಿಯನಿಗೂ ಅರ್ಥವಾಗಲಿ ಎಂದು ಅದನ್ನೇ ಇಂಗ್ಲಿಷಿನಲ್ಲಿ ಕಾಗದ ಬರೆಯಲು ನನಗೆ ಹೇಳಿದರು. ಬರೆದೆ. ನನ್ನ ಹ್ಯಾಂಡ್‌ರೈಟಿಂಗ್ ಬಹಳ ಚೆನ್ನಾಗಿತ್ತು.

ಅಪ್ಪ ಹೋದ ಸುದ್ದಿಯನ್ನು ಅವಳಿಗೆ ಹನ್ನೊಂದು ದಿನ ಕಳೆದ ಮೇಲೆ ಹೇಳಿದೆ. ಆಮೇಲೆ ಯುಗಾದಿಗೊಂದು ಫೋನು, ದೀಪಾವಳಿಗೊಂದು ಫೋನು. ಎರಡು ವರ್ಷದ ಹಿಂದೆ ಹೆಂಕ್ ತೀರಿಕೊಂಡ. ಮಕ್ಕಳಿಲ್ಲ. ಹಾಗಾದರೆ ಅವಳು ಅಲ್ಲಿ ಏಕಿರಬೇಕು ಎಂದು ನಾನೇ ನಿರ್ಧರಿಸಿ ಗಾರೆಯವನನ್ನು ಕರೆಸಿದ್ದೆ.

ವಿಮಾನ ಇಳಿದ ಮೇಲೆ

ನನ್ನ ಪೆಟ್ಟಿಗೆಯಲ್ಲಿ ರಾಗಿಹಿಟ್ಟು, ಚಿಂತಾಮಣಿಯ ಕಡಲೆಕಾಯಿ ಬೀಜ, ಹುರುಳಿಕಾಳು, ಕೈವಾರದಿಂದ ತಂದ ದೇವರ ಪಟ, ಒಂದು ಡಬ್ಬಿ ತುಪ್ಪ. ಕಸ್ಟಮ್ಸಿನ ಹುಡುಗಿ ಡಬ್ಬಿ ತೆಗೆದು ಮೂಸಿ, ಹಾಲಿನ ಪದಾರ್ಥ ಒಳಗೆ ಬಿಡುವಂತಿಲ್ಲ ಎಂದಳು. ಹೊರಗೆ ಕಣ್ಣು ಹಾಯಿಸಿದಷ್ಟು ದೂರವೂ ಹಸುಗಳೇ ನಿಂತಿರುವ ದೇಶ. ನಾನು ಮನೆಯಲ್ಲಿ ಕಾಯಿಸಿದ ಅರ್ಧ ಸೇರು ತುಪ್ಪಕ್ಕೆ ಅಷ್ಟೊಂದು ಹಸುಗಳು ಹೆದರಿದವು. ತುಪ್ಪ ಕಸದ ಬುಟ್ಟಿಗೆ ಹೋಯಿತು. ಹುಡುಗಿ ನಗುತ್ತಲೇ ಹ್ಯಾವ್ ಎ ನೈಸ್ ಡೇ ಎಂದಳು.

ಹೊರಗೆ ಶಕ್ಕು ನಿಂತಿದ್ದಳು. ಗಿಡ್ಡ ಕತ್ತರಿಸಿದ ಬಿಳಿ ಕೂದಲು, ಮಳೆಕೋಟು. ನಾನು ತಬ್ಬಿಕೊಳ್ಳಲು ಕೈ ಚಾಚಿದರೆ ಅವಳು ಕೆನ್ನೆಗೆ ಮುತ್ತು ಕೊಡಲು ಬಂದಳು. ಅಲ್ಲಿ ಮೂರು ಮುತ್ತಿನ ಲೆಕ್ಕವಂತೆ. ನಾನು ಒಂದಕ್ಕೇ ಮುಗಿಯಿತೆಂದು ಮುಖ ಎತ್ತಿದ್ದರಿಂದ ನಮ್ಮಿಬ್ಬರ ಕನ್ನಡಕಗಳು ಡಿಕ್ಕಿ ಹೊಡೆದವು. ಎಷ್ಟೋ ವರ್ಷಗಳ ಮೇಲೆ ಅಕ್ಕ ತಂಗಿ ಭೇಟಿಯಾದಾಗ ಮೊದಲು ಮಾಡಿದ್ದೆಂದರೆ ನೆಲದಲ್ಲಿ ಬಿದ್ದಿದ್ದ ಕನ್ನಡಕ ಹುಡುಕಿದ್ದು.

ಕಾಲುವೆಯ ಊರು, ಮೊದಲ ವಾರ

ಅವಳಿರುವುದು ಹಾರ್ಲೆಮಿನ ಹತ್ತಿರದ ಒಂದು ಸಣ್ಣ ಊರು. ಚಪ್ಪಟೆ. ನಂದಿ ಬೆಟ್ಟ ನೋಡಿಕೊಂಡು ಬೆಳೆದ ಕಣ್ಣಿಗೆ ಒರಗಲು ಏನೂ ಇಲ್ಲ. ನಮ್ಮಲ್ಲಿ ಸಾವಿರ ಅಡಿ ಕೊರೆದರೂ ನೀರು ಸಿಗದೆ ಬೋರ್‌ವೆಲ್ ಗಾಡಿಯವನು ಕೈ ಒರೆಸಿಕೊಂಡು ಹೋಗುತ್ತಾನೆ. ಇವರು ಹಗಲೂ ರಾತ್ರಿ ಪಂಪು ಹಾಕಿ ನೀರನ್ನು ಹೊರಗೆ ತಳ್ಳುತ್ತಾರೆ. ಕಿಟಕಿಗೆ ಪರದೆ ಹಾಕುವುದಿಲ್ಲ. ಒಳಗೆ ಕೂತು ಊಟ ಮಾಡುವವರು ಬೀದಿಯಿಂದ ಅಂಗಡಿಯ ಗೊಂಬೆಗಳ ಹಾಗೆ ಕಾಣುತ್ತಾರೆ, ಆದರೆ ಯಾರೂ ಇಣುಕಬಾರದು. ನಾನು ಇಣುಕಿದೆ. ಆಲೂಗಡ್ಡೆ ತಿನ್ನುತ್ತಿದ್ದರು.

ದಿನಾ ಬೆಳಿಗ್ಗೆ ಶಕ್ಕು ನನ್ನನ್ನು ಕಾಲುವೆ ದಂಡೆಯ ಮೇಲೆ ನಡೆಸಿಕೊಂಡು ಹೋಗುತ್ತಿದ್ದಳು. ನಡೆಯುತ್ತಾ ಭಾಷೆ ಕಲಿಸುವುದು ಅವಳ ಹುಚ್ಚು. ಮನೆಗೆ ಅವರು ಹಾಯ್ಸ್ ಎನ್ನುತ್ತಾರೆ. ನಮ್ಮ ಹೌಸನ್ನೇ ಬಾಯಲ್ಲಿ ಬಿಸಿ ಮುದ್ದೆ ಇಟ್ಟುಕೊಂಡು ಹೇಳಿದರೆ ಸರಿಯಾಗಿ ಬರುತ್ತದೆ. ಸರಿ, ಕಲಿತೆ. ಅದೊಂದು ಕಲಿತರೆ ಅರ್ಧ ಊರು ಓದಬಹುದು ಎಂದಳು. ಆಸ್ಪತ್ರೆ ಎದುರು ಬಂದಾಗ ಅದು ಜೀಕನ್‌ಹಾಯ್ಸ್, ಕಾಯಿಲೆಯವರ ಮನೆ. ಮುನಿಸಿಪಾಲಿಟಿ ಸ್ಟಾಟ್‌ಹಾಯ್ಸ್, ಊರಮನೆ. ಮಾಮೂಲಿ ಡಾಕ್ಟರು ಹಾಯ್ಸ್‌ಆರ್ಟ್ಸ್, ಮನೆವೈದ್ಯ. ನಾಯಿ ಬೆಕ್ಕು ಹಾಯ್ಸ್‌ದೀರ್, ಮನೆಪ್ರಾಣಿ. ಕಾಲ ಬಳಿ ಒಂದು ಬಸವನಹುಳು ಹೋಗುತ್ತಿತ್ತು. ಅದರ ಬೆನ್ನ ಮೇಲಿನ ಚಿಪ್ಪು ಸ್ಲಾಕನ್‌ಹಾಯ್ಸ್, ಬಸವನಹುಳುವಿನ ಮನೆ. ಸೇಬು ತಿಂದು ಮಧ್ಯದ ಗಟ್ಟಿ ಎಸೆಯಲು ಹೋದರೆ ಅದಕ್ಕೂ ಒಂದು ಮನೆ, ಕ್ಲೊಕ್‌ಹಾಯ್ಸ್, ಗಂಟೆಯ ಮನೆ.

ನಾನು ಮೇಷ್ಟರಮ್ಮ, ಸುಮ್ಮನಿರಲಾರೆ. ಇವರದು ಜಿಪುಣ ಭಾಷೆ ಎಂದೆ. ಬಿಸ್ಕತ್ತು ಒಂದೇ ಕೊಟ್ಟು ಡಬ್ಬಿ ಮುಚ್ಚುವ ಜನ ಪದವನ್ನೂ ಹೊಸದಾಗಿ ಮಾಡುವುದಿಲ್ಲ, ಇದ್ದದ್ದನ್ನೇ ಗೋಂದು ಹಚ್ಚಿ ಅಂಟಿಸುತ್ತಾರೆ. ನಮ್ಮಮ್ಮ ಒಂದೇ ರಾಗಿಹಿಟ್ಟಿನಲ್ಲಿ ಬೆಳಿಗ್ಗೆ ಅಂಬಲಿ, ಮಧ್ಯಾಹ್ನ ಮುದ್ದೆ, ಸಾಯಂಕಾಲ ರೊಟ್ಟಿ ಮಾಡಿದ ಹಾಗೆ. ಅಮ್ಮನಿಗೆ ಬೇರೆ ಹಿಟ್ಟು ಇರಲಿಲ್ಲ, ಇವರಿಗೇನು ಬಂದಿದೆ?

ಶಕ್ಕು ನಡೆಯುವುದನ್ನು ನಿಲ್ಲಿಸಲಿಲ್ಲ. "ಅಡುಗೆಮನೆ," ಎಂದಳು. "ಬಚ್ಚಲಮನೆ. ದೇವರಮನೆ. ಹುಳದಮನೆ. ಸೆರೆಮನೆ. ಅತ್ತೆಮನೆ. ಇವೆಲ್ಲಾ ಏನಕ್ಕಾ, ಕಾನ್ವೆಂಟಿಂದ ಬಂದ್ವಾ?"

ಹುಳದಮನೆ ಎಂಬ ಮಾತು ಕೇಳಿ ಎಷ್ಟು ವರ್ಷವಾಗಿತ್ತೋ. ನಮ್ಮ ಹಳ್ಳಿಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದ ಉದ್ದನೆಯ ಕೋಣೆ ಅದು. ಸಾವಿರಾರು ಹುಳ ಒಟ್ಟಿಗೆ ಸೊಪ್ಪು ಮೇಯುವ ಸದ್ದು ಹೊರಗೆ ಮಳೆ ಬಂದ ಹಾಗೆ ಕೇಳುತ್ತಿತ್ತು. ಆ ಪಟ್ಟಿಯಲ್ಲಿ ಅವಳು ಒಂದು ಮನೆಯನ್ನು ಬಿಟ್ಟಿದ್ದಳು. ಬಿಟ್ಟದ್ದು ಯಾವುದೆಂದು ನನಗೆ ಗೊತ್ತಾಯಿತು. ನಾನೂ ಅದನ್ನು ಹೇಳಲಿಲ್ಲ. ಕೋಣೆಯ ವಿಷಯ ತೆಗೆಯಲು ಒಳ್ಳೆ ಸಮಯವಾಗಿತ್ತು, ಅದನ್ನೂ ತೆಗೆಯಲಿಲ್ಲ. ಮಳೆ ಬರುವ ಹಾಗಿದೆ, ಮನೆಗೆ ಹೋಗಣ ಎಂದೆ.

ಕಕ್ಕಸು

ಈಗ ಅವರ ಒಂದು ಅಸಹ್ಯವನ್ನು ಹೇಳಬೇಕು. ಶಕ್ಕುವಿನ ಕಕ್ಕಸಿಗೆ ಹೋಗಿ ಕೂತರೆ ಕಣ್ಣೆದುರಿಗೇ, ಗೋಡೆಗೆ, ಒಂದು ಉದ್ದನೆಯ ಕ್ಯಾಲೆಂಡರು. ಅದರಲ್ಲಿ ವಾರವಿಲ್ಲ, ವರ್ಷವಿಲ್ಲ. ಬರೀ ತಿಂಗಳು, ತಾರೀಖು, ತಾರೀಖಿನ ಮುಂದೆ ಕೈಯಲ್ಲಿ ಬರೆದ ಹೆಸರುಗಳು. ಹುಟ್ಟುಹಬ್ಬದ ಕ್ಯಾಲೆಂಡರಂತೆ. ಆ ದೇಶದ ಮನೆಮನೆಯಲ್ಲೂ ಅದಕ್ಕೆ ಅದೇ ಜಾಗವಂತೆ. ಅಕ್ಟೋಬರಿನ ಪುಟದಲ್ಲಿ ಹೆಂಕ್ ಎಂಬ ಹೆಸರಿದ್ದು ಪಕ್ಕದಲ್ಲಿ ಪುಟ್ಟ ಶಿಲುಬೆ ಇತ್ತು. ಸತ್ತ ಗಂಡನ ಹೆಸರು ಕಮೋಡಿನ ಎದುರು! ನಮ್ಮ ಕಡೆ ಹಳೆಯ ಕ್ಯಾಲೆಂಡರಿನ ದೇವರ ಚಿತ್ರವನ್ನೂ ಎಸೆಯಲು ಮನಸ್ಸಾಗದೆ ಕತ್ತರಿಸಿ ಪುಸ್ತಕಕ್ಕೆ ಬೈಂಡು ಹಾಕುತ್ತೇವೆ. ಇವರು ಬಂಧುಬಳಗವನ್ನೆಲ್ಲ ಒಯ್ದು ಅಲ್ಲಿ ನೇತುಹಾಕಿದ್ದಾರೆ.

ಎರಡು ದಿನ ಕಣ್ಣು ಮುಚ್ಚಿಕೊಂಡು ಕೂತೆ. ಮೂರನೆಯ ದಿನ ಅದನ್ನು ಕಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಲಿನ ನನ್ನ ಕೋಣೆಗೆ ತಂದು ಕೈವಾರದ ಪಟದ ಪಕ್ಕ ತೂಗುಹಾಕಿದೆ. ಮೂಲೆಗೊಂದು ಕುಂಕುಮದ ಬೊಟ್ಟನ್ನೂ ಇಟ್ಟೆ. ಶಕ್ಕು ಕೇಳಿದಾಗ ಮರ್ಯಾದೆಯ ಜಾಗದಲ್ಲಿ ಇಟ್ಟಿದ್ದೇನೆ ಎಂದೆ. ಅವಳು ನಕ್ಕು, ಆಯ್ತಕ್ಕ, ನೀನು ಹೋಗೋವರೆಗೂ ಅಲ್ಲೇ ಇರ್ಲಿ ಎಂದಳು. ನನಗೆ ಒಂದು ನಾಗರಿಕತೆಯನ್ನು ತಿದ್ದಿದ ತೃಪ್ತಿ.

ಪಕ್ಕದ ಮನೆ

ಒಂದು ವಾರ ಕಳೆಯಿತು. ಶುಕ್ರವಾರ ಬೆಳಿಗ್ಗೆ ಬೇಲಿಯಾಚೆ ಪಕ್ಕದ ಮನೆಯ ಮರೈಕ ಸಿಕ್ಕಳು. ನನ್ನಷ್ಟೇ ವಯಸ್ಸು, ಆರಡಿ ಎತ್ತರ. ನಮ್ಮಲ್ಲಾದರೆ ಕೋಪ ಬಂದವರು ಮುಖ ತಿರುಗಿಸಿ, ಮೂರನೆಯವರ ಮೂಲಕ ಹೇಳಿಸಿ, ಆರು ತಿಂಗಳು ಎಳೆಯುತ್ತಾರೆ. ಆಕೆ ನಡುವೆ ಬೇಲಿ ಇಟ್ಟುಕೊಂಡು ನನಗೂ ಅರ್ಥವಾಗಲಿ ಎಂದು ಇಂಗ್ಲಿಷಿನಲ್ಲೇ, ನಿನ್ನೆ ನನ್ನ ಹುಟ್ಟುಹಬ್ಬ, ನೀನು ಬರಲಿಲ್ಲ, ನನಗೆ ನೋವಾಯಿತು ಎಂದಳು. ಅಷ್ಟೇ. ತಿಂಗಳ ಬಾಡಿಗೆ ಕೇಳಿದ ಹಾಗೆ.

ಶಕ್ಕುವಿನ ಮುಖ ಬಿಳಿಚಿತು. ಹೆಂಕ್ ಆಸ್ಪತ್ರೆಯಲ್ಲಿದ್ದ ನಾಲ್ಕು ತಿಂಗಳೂ ಅವಳಿಗೆ ಅನ್ನ ಹಾಕಿದವಳು ಈ ಮರೈಕ ಎಂದು ಒಳಗೆ ಬಂದ ಮೇಲೆ ಹೇಳಿದಳು. ಹೆಸರು ಕ್ಯಾಲೆಂಡರಿನಲ್ಲಿತ್ತು. ಕ್ಯಾಲೆಂಡರು ನನ್ನ ದೇವರ ಪಕ್ಕದಲ್ಲಿತ್ತು.

ಭಾನುವಾರ ಎರಡೂವರೆಗೆ ಬನ್ನಿ ಎಂದು ಮರೈಕ ಆಫ್‌ಸ್ಪ್ರಾಕ್ ಕೊಟ್ಟಳು. ಆಫ್‌ಸ್ಪ್ರಾಕ್ ಎಂದರೆ ಅಪಾಯಿಂಟ್‌ಮೆಂಟು. ಅಲ್ಲಿ ಪಕ್ಕದ ಮನೆಗೆ ಹೋಗಲೂ ಅದು ಬೇಕು. ಎಲ್ಲರ ಹತ್ತಿರವೂ ಒಂದು ಡೈರಿ, ಅದರಲ್ಲಿ ಬರೆದರೆ ಮನುಷ್ಯ ಬರುತ್ತಾನೆ, ಬರೆಯದಿದ್ದರೆ ಇಲ್ಲ. ನಮ್ಮ ಚಿಂತಾಮಣಿಯ ಸೋದರತ್ತೆ ಬಸ್ಸಿಳಿದು ನೇರ ಅಡುಗೆಮನೆಗೇ ಬಂದು ಸಾರಿನ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದಳು. ಈ ದೇಶದಲ್ಲಿ ಅವಳನ್ನು ಪೊಲೀಸಿಗೆ ಕೊಡುತ್ತಿದ್ದರು.

ಜರ್ಬೆರಾ ಹೂ ಒಯ್ದೆವು. ನಮ್ಮೂರ ಸುತ್ತಿನ ಪಾಲಿಹೌಸುಗಳಲ್ಲಿ ಅದೇ ಹೂ ಬೆಳೆಯುತ್ತಾರೆ, ಸಸಿ ಹಾಲೆಂಡಿನದು ಎಂದು ಜಂಬದಿಂದ ಹೇಳುತ್ತಾರೆ. ಹಾಗಾಗಿ ಆ ಮನೆಯಲ್ಲಿ ನನಗೆ ಪರಿಚಯವಿದ್ದದ್ದು ಹೂವೊಂದೇ. ಕುರ್ಚಿಗಳನ್ನು ದುಂಡಗೆ ಇಟ್ಟಿದ್ದರು. ಒಳಗೆ ಬಂದವರು ಮರೈಕಳಿಗೆ ಮಾತ್ರವಲ್ಲ, ಅವಳ ತಮ್ಮನಿಗೆ, ಮಗಳಿಗೆ, ಮಗಳ ಗಂಡನಿಗೆ, ಎಲ್ಲರಿಗೂ ಕೈ ಕುಲುಕಿ ಅಭಿನಂದನೆ ಹೇಳಬೇಕು. ಅಕ್ಕನ ಹುಟ್ಟುಹಬ್ಬಕ್ಕೆ ಅಭಿನಂದನೆ, ಅತ್ತೆಯ ಹುಟ್ಟುಹಬ್ಬಕ್ಕೆ ಅಭಿನಂದನೆ. ಆ ಅಳಿಯ ಏನು ಸಾಧಿಸಿದ್ದನೋ ನನಗೆ ತಿಳಿಯಲಿಲ್ಲ. ಆಮೇಲೆ ಕಾಫಿ, ಒಂದು ತುಂಡು ಕೇಕು, ಒಂದು ಬಿಸ್ಕತ್ತು. ಡಬ್ಬಿ ಮುಚ್ಚಿತು.

ತಪ್ಪು ನನ್ನದು, ತಂಗಿಯದಲ್ಲ ಎಂದು ಎದ್ದು ನಿಂತು ನನ್ನ ಅತ್ಯುತ್ತಮ ಕಾನ್ವೆಂಟ್ ಇಂಗ್ಲಿಷಿನಲ್ಲಿ ವಿವರಿಸಿದೆ. ನಮ್ಮಲ್ಲಿ ಗೌರವದ ವ್ಯಕ್ತಿಗಳನ್ನು ಲ್ಯಾವೆಟರಿಯಲ್ಲಿ ಇಡುವ ಪದ್ಧತಿ ಇಲ್ಲ ಎಂದೆ. ಸ್ವಲ್ಪ ಚುಚ್ಚಿಯೇ ಹೇಳಿದೆ. ದುಂಡಗೆ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮರೈಕ ಮಾತ್ರ ನಗಲಿಲ್ಲ. ದೇವರ ಹತ್ತಿರಕ್ಕೆ ನೀನು ಯಾವಾಗಲಾದರೂ ಹೋಗುತ್ತೀಯ, ಅಲ್ಲಿಗೆ ದಿನಾ ಹೋಗುತ್ತೀಯ, ಮರೆಯಬಾರದವರನ್ನು ಮತ್ತೆಲ್ಲಿ ಇಡಲಿ ಎಂದು ಕೇಳಿದಳು.

ಆಮೇಲೆ ಆಕೆ ನನ್ನ ಕೈ ಹಿಡಿದು ಕುಲುಕಿದಳು. ನಿನ್ನನ್ನು ನೋಡುವುದು ಇದೇ ಮೊದಲು, ಆದರೆ ನೀನು ನನಗೆ ಹಳಬಳು ಎಂದಳು. ಜೂನ್ ಒಂದು, ಅಲ್ಲವೇ? ಪ್ರತಿ ಜೂನ್ ಒಂದಕ್ಕೆ ನಾವೆಲ್ಲ ಶಕ್ಕುವಿನ ಮನೆಯಲ್ಲಿ ಹೀಗೇ ಕೂರುತ್ತೇವೆ. ಅವಳಿಗೆ ಎರಡು ಸಲ ಕೈ ಕುಲುಕುತ್ತೇವೆ. ಒಂದು ಅವಳ ಹುಟ್ಟುಹಬ್ಬಕ್ಕೆ, ಒಂದು ಅವಳ ಅಕ್ಕನದಕ್ಕೆ.

ನಾನು ಕೂತೆ. ಬಿಸ್ಕತ್ತು ಕೈಯಲ್ಲೇ ಪುಡಿಯಾಗಿತ್ತು.

ಜೂನ್ ತಿಂಗಳು

ಜೂನ್ ಒಂದು ನನ್ನ ಹುಟ್ಟಿದ ದಿನವೇ ಅಲ್ಲ. ಹುಳ ನಾಲ್ಕನೇ ಜ್ವರದಲ್ಲಿದ್ದಾಗ ನಾನು ಹುಟ್ಟಿದೆ ಎಂದು ಅಮ್ಮ ಹೇಳುತ್ತಿದ್ದಳು. ಪೊರೆ ಬಿಡುವ ಮೊದಲು ರೇಷ್ಮೆ ಹುಳ ಸೊಪ್ಪು ಬಿಟ್ಟು ತಲೆಯೆತ್ತಿ ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಅದು ವರ್ಷಕ್ಕೆ ಐದಾರು ಸಲ ಬರುತ್ತದೆ. ಕಾನ್ವೆಂಟಿನಲ್ಲಿ ಸೇರಿಸಿಕೊಂಡ ಸಿಸ್ಟರ್ ಅದನ್ನು ಫಾರಮ್ಮಿನಲ್ಲಿ ಬರೆಯಲಾರದೆ ಜೂನ್ ಒಂದು ಎಂದು ಹಾಕಿದರು. ಶಕ್ಕುವಿಗೂ ಅದೇ. ನಮ್ಮ ಕ್ಲಾಸಿನ ಅರ್ಧಕ್ಕರ್ಧ ಹುಡುಗಿಯರು ಆ ದಿನವೇ ಹುಟ್ಟಿದವರು. ಆ ಸುಳ್ಳು ತಾರೀಖಿಗೆ, ನಾನು ಕಂಡರಿಯದ ಊರಿನಲ್ಲಿ, ಆರಡಿ ಎತ್ತರದ ಜನ ದುಂಡಗೆ ಕೂತು ಇಷ್ಟು ವರ್ಷ ಕೇಕು ತಿಂದಿದ್ದಾರೆ.

ಮಾರನೆಯ ಬೆಳಿಗ್ಗೆ ಕೋಣೆಯಲ್ಲಿ ಕ್ಯಾಲೆಂಡರಿನ ಹಾಳೆ ತಿರುಗಿಸಿದೆ. ಕಿತ್ತು ತಂದವಳಿಗೆ ಅಕ್ಟೋಬರು ಬಿಟ್ಟು ಬೇರೆ ತಿಂಗಳು ನೋಡಬೇಕೆನಿಸಿರಲಿಲ್ಲ. ಜೂನ್ ಒಂದರ ಮುಂದೆ ಕನ್ನಡದಲ್ಲಿ ಎರಡೇ ಅಕ್ಷರ: ಅಕ್ಕ. ಅಷ್ಟು ಹೆಸರುಗಳಲ್ಲಿ ಅದೊಂದೇ ಕನ್ನಡ. ಇಂಕು ಮಾಸಿದಂತೆಲ್ಲ ಅದರ ಮೇಲೆ ಮತ್ತೆ ಮತ್ತೆ ತಿದ್ದಿದ ಗುರುತಿತ್ತು. ಮೊದಲು ನೀಲಿ, ಆಮೇಲೆ ಕಪ್ಪು.

ಕೆಳಗೆ ಹೋಗಿ ಕ್ಯಾಲೆಂಡರನ್ನು ಅದರ ಮೊಳೆಗೇ ನೇತುಹಾಕಿದೆ. ಕುಂಕುಮ ಒರೆಸಲು ಹೋದರೆ ಹೋಗಲಿಲ್ಲ. ಆಮೇಲೆ ಅಡುಗೆಮನೆಗೆ ಬಂದು, ಕಾಫಿ ಸೋಸುತ್ತಿದ್ದ ಶಕ್ಕುವಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಮಹಡಿಯ ಕೋಣೆ, ಕಮೋಡು, ಬೆಟ್ಟ ಕಾಣುವ ಕಿಟಕಿ. ನನ್ನ ಜೊತೆ ಬಂದುಬಿಡು ಎಂದೆ.

ಅವಳು ಎರಡು ಲೋಟಕ್ಕೂ ಕಾಫಿ ಬಗ್ಗಿಸಿ ಮುಗಿಸಿದಳು.

"ಆ ಕಾಗದದಲ್ಲಿ ಕೊನೇ ಸಾಲು ನಿಂದು, ಅಲ್ವಾ?"

ನಾನು ಲೋಟವನ್ನು ಹತ್ತಿರಕ್ಕೆ ಎಳೆದುಕೊಂಡೆ.

"ಪ್ಲೀಸ್ ಡು ನಾಟ್ ಕನ್ಸಿಡರ್ ದಿಸ್ ಯುವರ್ ಹೋಮ್ ಎನಿ ಲಾಂಗರ್. ಅಪ್ಪಂಗೆ ಆ ಪ್ಲೀಸು, ಆ ಎನಿ ಲಾಂಗರು ಎಲ್ಲಿಂದ ಬರಬೇಕಕ್ಕ? ಹೆಂಕ್ ಓದಿ, ನಿಮ್ಮಪ್ಪ ಎಷ್ಟು ಪೊಲೈಟ್ ಆಗಿ ಬೈತಾರೆ ಅಂದ. ನಂಗೆ ಅವತ್ತೇ ಗೊತ್ತಾಯ್ತು."

ಅದು ನಿಜ. ಅಪ್ಪ ಹೇಳಿದ್ದು ಬರಬೇಡ ಎಂದಷ್ಟೇ. ಪ್ಯಾರಾಗ್ರಾಫಿಗೆ ಒಂದು ಒಳ್ಳೆಯ ಮುಕ್ತಾಯ ಬೇಕೆನಿಸಿ ಆ ಸಾಲನ್ನು ನಾನೇ ಸೇರಿಸಿದ್ದೆ. ಮದುವೆಯೇ ಆಗದ ಅಕ್ಕನಿಗೆ ಆಗ ಇನ್ನೂ ಏನೇನು ಅನಿಸಿತ್ತು ಎಂಬುದನ್ನು ಇಲ್ಲಿ ಬರೆಯಲಾರೆ. ಅವಳಿಗೆ ಹೇಳಿದೆ. ತಪ್ಪಾಯ್ತು ಎಂದೂ ಹೇಳಿದೆ, ಕನ್ನಡದಲ್ಲಿ. ಆ ಮಾತನ್ನು ನಾನು ಜೀವಮಾನವಿಡೀ ಸಾರಿ ಎಂದೇ ಹೇಳಿ ತಪ್ಪಿಸಿಕೊಂಡಿದ್ದೆ.

"ಇರೋಕೆ ನಂಗೆ ಮನೆ ಐತಕ್ಕ," ಎಂದಳು. ಡಚ್ಚಿನ ನಡುವೆ ಇಷ್ಟು ವರ್ಷ ಕಳೆದರೂ ಕೋಪ ಬಂದರೆ ಅವಳ ಬಾಯಲ್ಲಿ ಹಳ್ಳಿಯೇ ಬರುತ್ತದೆ. "ಇಲ್ಲೈತೆ. ಪಕ್ಕದಾಗೆ ಮರೈಕ ಅವ್ಳೆ. ತವರುಮನೆ ಅನ್ನೋದು ಇರೋ ಮನೆ ಅಲ್ಲ, ಹೋಗಿಬರೋ ಮನೆ. ನೀವು ಕಿತ್ಕೊಂಡಿದ್ದು ಅದನ್ನ. ಕೊಡೋದಾದ್ರೆ ಅದನ್ನ ಕೊಡು. ಅದಕ್ಕಿಂತ ಜಾಸ್ತಿ ಕೊಡೋಕೆ ಬರಬೇಡ."

ಕಾಲುವೆಯ ದಂಡೆಯಲ್ಲಿ ಅವಳು ಪಟ್ಟಿಯಿಂದ ಬಿಟ್ಟಿದ್ದ ಮನೆ ಅದು. ಹಾಲೆಂಡಿನವರನ್ನು ಕೇಳಿದ್ದೇನೆ. ಅಷ್ಟು ಮನೆ ಅಂಟಿಸುವವರ ಹತ್ತಿರವೂ ಅದಕ್ಕೆ ಸರಿಯಾದ ಪದವಿಲ್ಲ.

ಆಮೇಲೆ ಅವಳು ಗೂಡಿನಿಂದ ತನ್ನ ಡೈರಿ ತೆಗೆದಳು, ಕನ್ನಡಕ ಹಾಕಿಕೊಂಡಳು. ಮುಂದಿನ ಹಾಳೆಗಳನ್ನು ತಿರುವಿದಳು. ಅವರೆಕಾಯಿ ಯಾವಾಗ ಸೊಗಡಾಗಿರುತ್ತದೆ ಎಂದು ಕೇಳಿದಳು. ಜನವರಿ ಎಂದೆ. ಮೂರು ವಾರ ಎಂದಳು. ನಾಲ್ಕು ಎಂದೆ.

"ಮೂರು. ಬರೀಲಾ?"

ತವರಿಗೆ ಬರುವುದಕ್ಕೂ ಅಪಾಯಿಂಟ್‌ಮೆಂಟು. ಆ ದೇಶದ ಬಗ್ಗೆ ನಾನು ಅಂದುಕೊಂಡದ್ದೆಲ್ಲ ಆ ಕ್ಷಣದಲ್ಲಿ ನಿಜವಾಗಿತ್ತು. ಬರಿ ಎಂದೆ. ಬರೆದಳು.

ಮರಳಿ ಚಿಕ್ಕಬಳ್ಳಾಪುರ

ಹೊರಡುವ ದಿನ ಮರೈಕ ಬೇಲಿಯಾಚೆಯಿಂದ ಒಂದು ಹೊಸ ಕ್ಯಾಲೆಂಡರು ಕೊಟ್ಟಳು, ಎಲ್ಲಿ ಹಾಕಬೇಕೆಂದು ಗೊತ್ತಲ್ಲ ಎಂದಳು. ವಿಮಾನ ನಿಲ್ದಾಣದಲ್ಲಿ ನಾನು ಮೂರು ಮುತ್ತನ್ನೂ ಸರಿಯಾಗಿ ಕೊಟ್ಟೆ. ಕನ್ನಡಕ ಮೊದಲೇ ತೆಗೆದಿಟ್ಟುಕೊಂಡಿದ್ದೆ.

ಬಂದ ಮಾರನೆಯ ದಿನ ಮಹಡಿಯ ಬಾತ್‌ರೂಮಿನಲ್ಲಿ, ಕಮೋಡಿನ ಎದುರಿಗೆ, ಮೊಳೆ ಹೊಡೆದೆ. ಎದುರುಮನೆಯಾಕೆ ಸದ್ದು ಕೇಳಿ ಬಂದು ನೋಡಿ, ತಂಗಿ ಇಲ್ಲೇ ಇರಲು ಬರುವುದಿಲ್ಲ ಎಂದು ತಿಳಿದು, ಹಾಗಾದರೆ ನರ್ಸಿಂಗ್ ಹುಡುಗಿಯರಿಗೆ ಹೇಳಲೇ ಎಂದಳು. ಕೆಲಸಕ್ಕೆ ಬರುವ ನರಸಮ್ಮ ಪೊರಕೆ ಹಿಡಿದು ಬಾಗಿಲಲ್ಲೇ ನಿಂತಳು.

"ಅಯ್ಯೋ ರಾಮ. ಕ್ಯಾಲೆಂಡ್ರು ಎಲ್ಲನ್ನಾ ಕಕ್ಕಸಲ್ಲಿ ಹಾಕ್ತಾರೇನಮ್ಮಾ? ದೇವ್ರು ಕಣ್ಣು ಕೀಳ್ತಾನೆ."

"ಇದು ದೇವರದ್ದಲ್ಲ ಕಣೇ, ಮನುಷ್ಯರದ್ದು."

ಯಾವ ಮನುಷ್ಯರು ಎಂದು ಕೇಳಿದಳು. ತೋರಿಸಿದೆ. ಜೂನ್ ಒಂದಕ್ಕೆ ಶಕ್ಕು. ಅಕ್ಟೋಬರಿಗೆ ಹೆಂಕ್, ಪಕ್ಕದಲ್ಲಿ ಶಿಲುಬೆ. ಅದೇ ತಿಂಗಳಿಗೆ ಮರೈಕ. ಅಷ್ಟಕ್ಕೇ ನನ್ನ ಜನ ಮುಗಿದಿದ್ದರು. ನರಸಮ್ಮ ಪೊರಕೆ ಬಿಟ್ಟು ಸ್ವಲ್ಪ ಹೊತ್ತು ನೋಡಿ, ತನ್ನ ಹೆಸರನ್ನೂ ಬರೆಯಲು ಹೇಳಿದಳು. ಯಾವ ತಾರೀಖು ಎಂದರೆ, ರಾಗಿ ಕೊಯ್ಯುವಾಗ ಹುಟ್ಟಿದ್ದಂತೆ. ಹದಿನೆಂಟು ವರ್ಷ ನನ್ನ ಪಾತ್ರೆ ತೊಳೆದವಳನ್ನು ನಾನು ಅದನ್ನು ಕೇಳಿಯೇ ಇರಲಿಲ್ಲ. ನವೆಂಬರ್ ಒಂದು ಎಂದು ಹಾಕಿದೆ. ಕಾನ್ವೆಂಟಿನ ಸಿಸ್ಟರೂ ಹೀಗೇ ಮಾಡಿರಬೇಕು.

ಜನವರಿಯ ಹಾಳೆಯಲ್ಲಿ ಮೂರು ವಾರಕ್ಕೆ ಒಂದು ಉದ್ದ ಗೆರೆ ಎಳೆದಿದ್ದೇನೆ. ಅದು ಯಾರ ಹುಟ್ಟುಹಬ್ಬವೂ ಅಲ್ಲ. ಕೆಳಗೆ ನನ್ನದೇ ಬಾತ್‌ರೂಮಿದೆ. ಮೊಣಕಾಲು ನೋಯುತ್ತದೆ, ಮಹಡಿಗೆ ಹದಿನಾರು ಮೆಟ್ಟಿಲು. ಆದರೂ ದಿನಾ ಬೆಳಿಗ್ಗೆ ಮೇಲಕ್ಕೇ ಹೋಗುತ್ತೇನೆ.